ಯಜ್ಞೇಶನ ದೋಣಿ ಸಾಮಾನು

ಭಾವಮೈದ ನಿತೀಶನ ಫೋನು ಬಂದಿದ್ದು ಬೆಳಗಿನ ದೋಸೆಯ ಹೊತ್ತಿಗೆ. ಯಜ್ಞೇಶ ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಧಿಗ್ಗನೆ ಎದ್ದು ನಿಂತ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಕೊಪ್ಪದ ಆ ಮನೆ ಇಂಥ ದೃಶ್ಯ ಕಂಡಿರಲಿಲ್ಲ.

"ನಯನಾ, ನಾನು ಹೊರಟೆ! ಭದ್ರಾ ಹಿನ್ನೀರಲ್ಲಿ ನಾಲ್ಕು ದಿನ ದೋಣಿ ಪ್ರಯಾಣ! ಒಂದು ದೋಣಿಗೆ ಇಬ್ಬರು. ನಾನು, ನಿನ್ನ ತಮ್ಮ!"

"ಅವ್ನು ಸರಿ. ನೀವು ಎಂತಕ್ಕೆ?" ಎಂದಳು ಹೆಂಡತಿ.

ಎಂತಕ್ಕೆ ಅಂದರೇನು? ಹೋದ ವರ್ಷ ಮಾವನ ಮನೆಯ ಗೃಹಪ್ರವೇಶದಲ್ಲಿ ತೋರಣ ಕಟ್ಟಲು ಏಣಿ ಹತ್ತಿ, ಮೂರನೇ ಮೆಟ್ಟಿಲಲ್ಲೇ ಕಣ್ಣು ಮುಚ್ಚಿ ನಿಂತುಬಿಟ್ಟಿದ್ದ ಯಜ್ಞೇಶನನ್ನು ಇದೇ ನಿತೀಶ ಕೈಹಿಡಿದು ಇಳಿಸಿ, "ಭಾವ, ನೀವು ಕೂತು ವೀಳ್ಯದೆಲೆ ಒರೆಸಿ, ಸಾಕು" ಎಂದಿದ್ದ. ಅಂದಿನಿಂದ ಯಾವ ನೆಂಟರ ಮನೆಗೆ ಹೋದರೂ ವೀಳ್ಯದೆಲೆಯ ಬುಟ್ಟಿಯೂ ಒದ್ದೆ ಬಟ್ಟೆಯೂ ಕೇಳದೆಯೇ ಅವನ ಮುಂದೆ ಬಂದು ಕೂರುತ್ತಿದ್ದವು. ಈ ಕಳಂಕವನ್ನು ಭದ್ರೆಯಲ್ಲೇ ತೊಳೆಯಬೇಕೆಂದು ಅವನು ಶಪಥ ಮಾಡಿದ.

ಶಪಥ ಮಾಡಿದವನು ನೇರ ಹೋಗಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಅಜ್ಮತ್‌ನ ಅಂಗಡಿಗೆ. ಅಲ್ಲಿ ಕೊಡೆ, ಟಾರ್ಪಾಲು, ಹಗ್ಗ ಎಲ್ಲ ಸಿಗುತ್ತದೆ. ಇವನ ಉತ್ಸಾಹ ಕಂಡು ಅಜ್ಮತ್‌ಗೂ ಉತ್ಸಾಹ ಬಂತು. ಗುಡಾರ, ತಲೆಗೆ ಕಟ್ಟುವ ಟಾರ್ಚು, ನೀರು ಹೋಗದ ಚೀಲ, ಸೀಟಿ, ದಿಕ್ಸೂಚಿ (ಎರಡೂ ಕಡೆ ದಡ ಕಾಣುವಲ್ಲಿ ದಿಕ್ಕು ಯಾಕೆ ತಪ್ಪಬೇಕೋ ದೇವರೇ ಬಲ್ಲ), ಮೊಣಕಾಲುದ್ದದ ಗಂಬೂಟು. ಶಿವಮೊಗ್ಗದಿಂದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನೂ ತರಿಸಿಕೊಟ್ಟ.

"ಯಜ್ಞೇಶಣ್ಣ, ಈ ಸೈಜು ನಿಮಗೆ ಬಿಗಿ ಆಗುತ್ತೆ."

"ಹುಟ್ಟು ಹಾಕಿ ಹಾಕಿ ಹೊಟ್ಟೆ ಕರಗುತ್ತೆ ಮಾರಾಯ, ಕೊಡು."

"ಈಜು ಬರುತ್ತಲ್ಲ?"

"ನಾನು ಶೃಂಗೇರಿಯವ! ತುಂಗೆಯ ದಂಡೆ ಮೇಲೇ ಬೆಳೆದವನ ಹತ್ರ ಕೇಳೋ ಮಾತಾ ಇದು?" ಯಜ್ಞೇಶ ಎದೆಯುಬ್ಬಿಸಿದ. ಹಾಕಿ ನೋಡುತ್ತಿದ್ದ ಜಾಕೆಟ್ಟಿನ ಒಂದು ಬಕಲ್ಲು ಪಟ್ಟನೆ ಬಿಚ್ಚಿಕೊಂಡಿತು.

ಆಮೇಲೆ ಹದಿನೈದು ದಿನ ನಡುಮನೆಯಲ್ಲಿ ಘನಘೋರ ತಾಲೀಮು. ಚಾಪೆಯ ಮೇಲೆ ಕಾಲು ಚಾಚಿ ಕೂತು, ಜಾಕೆಟ್ಟು, ಗಂಬೂಟು, ಟಾರ್ಚು ಸಮೇತ ಯಜ್ಞೇಶ ಒಂದು ಬಿದಿರು ಕೋಲಿನಲ್ಲಿ ಹುಟ್ಟು ಹಾಕಿದ್ದೇ ಹಾಕಿದ್ದು. ನಯನ ಪೊರಕೆ ಹಿಡಿದು ಬಂದಳು.

"ದೋಣಿ ಸ್ವಲ್ಪ ಆ ಕಡೆ ಹಾಕಿ, ಕಸ ಗುಡಿಸ್ಬೇಕು."

ಯಜ್ಞೇಶ ಚಾಪೆ ಸಮೇತ ಸರಿದ.

"ಹುಟ್ಟು ಹಿಡಿಯೋದು ಹಾಗಲ್ಲ ಮಾರಾಯ್ರೆ. ನಮ್ಮ ಕಡಹಿನಬೈಲು ಕೆರೆಯಲ್ಲಿ ಸಣ್ಣೋರಿದ್ದಾಗ ನಾವು..."

"ಕೆರೆ ಸುದ್ದಿ ಬೇಡ! ಇದು ಹಿನ್ನೀರು!"

ನಯನ ನಕ್ಕು ಕಸ ಗುಡಿಸಿದಳು. ಆದರೂ ಹೊರಡುವ ದಿನ ಹಪ್ಪಳ, ಮಂಡಕ್ಕಿ ಕಟ್ಟಿಕೊಂಡು, ಬೀಳ್ಕೊಡಲು ನರಸಿಂಹರಾಜಪುರದ ಹತ್ತಿರದ ಹಿನ್ನೀರಿನ ದಡದವರೆಗೂ ಬಂದಳು.

ದಡದಲ್ಲಿ ಹತ್ತು ದೋಣಿ ಸಾಲಾಗಿ ನಿಂತಿದ್ದವು. ಯಜ್ಞೇಶನಷ್ಟು ಸಾಮಾನು ಯಾರ ಹತ್ತಿರವೂ ಇರಲಿಲ್ಲ. ನಿತೀಶನಂತೂ ಬಾಯಿ ಬಿಟ್ಟು, "ಭಾವ, ನೀವು ಭಾರೀ ಜೋರು ಮಾರಾಯ್ರೆ!" ಎಂದ. ಯಜ್ಞೇಶನ ಜನ್ಮ ಸಾರ್ಥಕವಾಯಿತು. ಅಷ್ಟರಲ್ಲಿ ಪ್ರವಾಸದ ಉಸ್ತುವಾರಿಯ ಹುಡುಗಿ ಅನನ್ಯ ಸೀಟಿ ಊದಿದಳು.

"ಎಲ್ಲರೂ ಜಾಕೆಟ್ ಬಿಚ್ಚಿಟ್ಟು ಆ ಹಳದಿ ಡ್ರಮ್ಮಿನ ತನಕ ಈಜಿ ಬನ್ನಿ. ಈಜು ಬರದವರಿಗೆ ದೋಣಿ ಇಲ್ಲ."

"ಈಜೋದಾದ್ರೆ ದೋಣಿ ಎಂತಕ್ಕಮ್ಮ?" ಎಂದ ಯಜ್ಞೇಶ.

ಅವನು ತುಂಗೆಯ ದಂಡೆಯಲ್ಲಿ ಬೆಳೆದದ್ದು ಅಪ್ಪಟ ನಿಜ. ಆದರೆ ಬೆಳೆದದ್ದು ದಂಡೆಯ ಮೇಲೆಯೇ ಹೊರತು ನೀರಿನಲ್ಲಲ್ಲ. ಮಠದ ಮೆಟ್ಟಿಲ ಮೇಲೆ ಕೂತು ದೇವರ ಮೀನುಗಳಿಗೆ ಮಂಡಕ್ಕಿ ಎಸೆಯುವುದರಲ್ಲೇ ಅವನ ಬಾಲ್ಯ ಕಳೆದಿತ್ತು. ಅಷ್ಟು ದೊಡ್ಡ ಮೀನುಗಳಿರುವ ನೀರಿಗೆ ಕಾಲಿಡಲು ಅವನಿಗೆ ಅಂದೂ ಹೆದರಿಕೆ, ಇಂದೂ ಹೆದರಿಕೆ. ಗಂಬೂಟಿನಲ್ಲಿ ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಕಣ್ಣು ಮುಚ್ಚಿ ನಿಂತುಬಿಟ್ಟ.

ನಿತೀಶ ಬಂದು ಕೈಹಿಡಿದು ದಡ ಹತ್ತಿಸಿದ. "ಅಯ್ಯೋ, ಜೊತೆ ಇಲ್ಲದೆ ನಾನೂ ಹೋಗೋ ಹಾಗಿಲ್ವಲ್ಲ!"

"ನಾನು ಬರ್ಲಾ?" ಎಂದಳು ನಯನ.

ಯಾರಾದರೂ ಉತ್ತರ ಕೊಡುವ ಮೊದಲೇ ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ನೀರಿಗೆ ಧುಮುಕಿದಳು. ಡ್ರಮ್ಮು ಮುಟ್ಟಿ, ಅದಕ್ಕೊಂದು ಸುತ್ತು ಬೇರೆ ಹಾಕಿ ವಾಪಸು ಬಂದಳು. ದಡದವರೆಲ್ಲ ಚಪ್ಪಾಳೆ ತಟ್ಟಿದರು. ಕಿತ್ತಳೆ ಜಾಕೆಟ್ಟು ಅವಳಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

"ಬಟ್ಟೆಗೆ ಎಂತ ಮಾಡ್ತೀಯೆ?" ಯಜ್ಞೇಶ ಕೊನೆಯ ಅಸ್ತ್ರ ಬಿಟ್ಟ.

"ನಿಮ್ಮ ಹೊಸ ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಚೀಲದಲ್ಲೇ ಇದೆಯಲ್ಲ. ಹಾಲು ಫ್ರಿಜ್ಜಿನಲ್ಲಿದೆ, ಹೆಪ್ಪು ಹಾಕೋದು ಮರೀಬೇಡಿ. ಈಗ ಸ್ವಲ್ಪ ಆ ಕಡೆ ಸರೀರಿ, ದೋಣಿ ತಿರುಗಿಸ್ಬೇಕು."

ಯಜ್ಞೇಶ ಸರಿದ. ಅಕ್ಕ ತಮ್ಮ ಹೋ ಎಂದು ಕೂಗುತ್ತ ಹೊರಟೇಬಿಟ್ಟರು. ದೋಣಿಗಳೆಲ್ಲ ದೂರವಾದ ಮೇಲೆ, ದಡದಲ್ಲಿ ಉಳಿದಿದ್ದ ಅನನ್ಯ ಮೆಲ್ಲಗೆ ಹತ್ತಿರ ಬಂದಳು. ಅವಳ ಕೈಯಲ್ಲಿ ಹೆಚ್ಚುವರಿ ಹುಟ್ಟುಗಳ ಕಟ್ಟು, ಜೊತೆಗೊಂದು ಬಟ್ಟೆ.

"ಸರ್, ಹೇಗೂ ಖಾಲಿ ಇದೀರಲ್ಲ, ಕೂತು ಇವಿಷ್ಟು ಒರೆಸಿಕೊಡ್ತೀರಾ?"

ಯಜ್ಞೇಶ ಗಂಬೂಟು ಕಳಚಿ ಕೂತ. ಒಂದೊಂದೇ ಹುಟ್ಟನ್ನು ಎತ್ತಿಕೊಂಡು, ಎರಡೂ ಬದಿ ತಿರುಗಿಸಿ, ತೊಟ್ಟಿನಿಂದ ತುದಿಯವರೆಗೆ ಚೊಕ್ಕವಾಗಿ ಒರೆಸಿ ಜೋಡಿಸಿಟ್ಟ.

"ಎಷ್ಟು ಚೆನ್ನಾಗಿ ಒರೆಸ್ತೀರಿ ಸರ್!" ಎಂದಳು ಅನನ್ಯ. "ಮುಂದಿನ ಸಲವೂ ಬನ್ನಿ."