ದುಬೈಗೆ ಹೋದ ಮೊಘಲರು

ಬಿ.ಎ. ಆದವಳಿಗೆ ಎಂ.ಎ. ಎಂತ ಮಹಾ ಸಂಗತಿ? ಬಿ ಹೋಗಿ ಎಂ ಬರಬೇಕು, ಅಷ್ಟೇ!

ಎಂಬತ್ತರ ದಶಕದ ಆರಂಭದಲ್ಲಿ, ಕುದ್ರೋಳಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಅಂಚೆ ಮೂಲಕ ಚರಿತ್ರೆ ಎಂ.ಎ. ಮಾಡುವ ಅರ್ಜಿ ತುಂಬಿಸುವಾಗ ನಾನು ಹೀಗೆಯೇ ತಿಳಿದುಕೊಂಡಿದ್ದೆ. ಗಂಡ ದುಬೈಯಲ್ಲಿ. ಮಕ್ಕಳು ಇನ್ನೂ ಆಗಿರಲಿಲ್ಲ. ಮನೆಯಲ್ಲಿ ಇದ್ದದ್ದು ನಾನು ಮತ್ತು ಅತ್ತೆ. ಅತ್ತೆಯನ್ನು ನಮ್ಮಲ್ಲಿ ಮಾಮಿ ಎನ್ನುವುದು. ಎಂ.ಎ. ಆದರೆ ನನಗೊಂದು ಕಾಲೇಜಿನಲ್ಲಿ ಕೆಲಸ ಸಿಗಬಹುದು, ಆಗ ಇವರು ದುಬೈ ಬಿಟ್ಟು ಊರಿಗೆ ಬಂದುಬಿಡಬಹುದು ಎಂಬುದು ನಾನು ಯಾರಿಗೂ ಹೇಳದ ಆಸೆ. ಎರಡೇ ಜನ ಇರುವ ಮನೆಯಲ್ಲಿ ಓದಲಿಕ್ಕೆ ಪುರುಸೊತ್ತು ಇಲ್ಲದೆ ಹೋಗುತ್ತದಾ?

ಹೋಗುತ್ತದೆ!

ನಾನು ಪುಸ್ತಕ ಬಿಡಿಸುವುದೇ ತಡ, ಮಾಮಿಗೆ ನನ್ನ ನೆನಪಾಗುತ್ತಿತ್ತು.

"ಶಶೀ, ಬೆಂಗ್ರೆಯಿಂದ ಮೀನಿನವಳು ಬಂದಳು. ಬೂತಾಯಿ ಉಂಟು. ಬಾ, ನೋಡು."

"ನೀವೇ ನೋಡಿ ಮಾಮಿ. ನಾನು ಓದ್ತಾ ಇದ್ದೇನೆ."

"ಸತ್ತವರ ವಿಷಯ ಅಲ್ಲವಾ ನೀನು ಓದುವುದು? ಅವರು ಎಲ್ಲಿಗೂ ಹೋಗುವುದಿಲ್ಲ. ಬೂತಾಯಿ ಹೋಗ್ತದೆ."

ಸತ್ತವರನ್ನು ಮಡಚಿಟ್ಟು ಬೂತಾಯಿ ನೋಡಲಿಕ್ಕೆ ಎದ್ದೆ.

ಕೊನೆಯ ವರ್ಷದ ಪರೀಕ್ಷೆಗೆ ಹತ್ತು ದಿನ ಇರುವಾಗ ನನಗೊಂದು ಅಮೋಘ ಉಪಾಯ ಹೊಳೆಯಿತು. ಇವರು ದುಬೈಯಿಂದ ತಂದುಕೊಟ್ಟ ಟೇಪ್ ರೆಕಾರ್ಡರ್ ಇತ್ತು. ಕಾಗದ ಬರೆಯುವ ಬದಲು ನಾವು ಕ್ಯಾಸೆಟಿನಲ್ಲಿ ಮಾತಾಡಿ ದುಬೈಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು, ಅಲ್ಲಿಂದ ಇವರ ಕ್ಯಾಸೆಟು ಬರುತ್ತಿತ್ತು. ಅದೇ ಯಂತ್ರದಲ್ಲಿ ನನ್ನ ಪಾಠವನ್ನು ನಾನೇ ಓದಿ ತುಂಬಿಸಿದರೆ? ಮಸಾಲೆ ಕಡೆಯುವಾಗ ಕೇಳಬಹುದು, ಮೀನು ಹೆಚ್ಚುವಾಗ ಕೇಳಬಹುದು. ಕೈ ಮಾಮಿಗೆ, ಕಿವಿ ಮೊಘಲರಿಗೆ!

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿ ಕುಳಿತೆ. "ಮೊಘಲ್ ಸಾಮ್ರಾಜ್ಯದ ಪತನಕ್ಕೆ ಹನ್ನೆರಡು ಕಾರಣಗಳು" ಎಂದು ರೇಡಿಯೋದಲ್ಲಿ ವಾರ್ತೆ ಓದುವವರ ಗತ್ತಿನಲ್ಲಿ ಆರಂಭಿಸಿದೆ. ನಾಲ್ಕನೆಯ ಕಾರಣಕ್ಕೆ ಬರುವಾಗ ಮಾಮಿ ಬಾಗಿಲು ತಟ್ಟಿದರು.

"ಯಾರೊಟ್ಟಿಗೆ ಮಾತಾಡುವುದು ನೀನು?"

ಎಂಟನೆಯ ಕಾರಣಕ್ಕೆ ಮತ್ತೆ ತಟ್ಟಿದರು. ಮುಳ್ಳುಸೌತೆ ಕೊಯ್ಯುವ ಚೂರಿ ಎಲ್ಲಿ? ಹನ್ನೆರಡನೆಯದು ಮುಗಿಯುತ್ತಿದ್ದಂತೆ ಬಾಗಿಲನ್ನೇ ದೂಡಿ ಒಳಗೆ ಬಂದರು.

"ಅಂಗಳದಲ್ಲಿ ಹಪ್ಪಳ ಒಣಗಿಸಿದ್ದೇನೆ, ಕಾಗೆ ಬಂದು ಎರಡು ತಿಂದಿತು! ನೀನು ಇಲ್ಲಿ ಗೋಡೆಗೆ ಪಾಠ ಹೇಳು!"

ಅಷ್ಟು ಹೇಳಿ ಹೋದರು. ನನ್ನ ತಲೆಗೆ ಏರಿದ ಸಿಟ್ಟು ಎಂತದ್ದು ಎಂದರೆ, ಎದ್ದು ಬಾಗಿಲು ಬಡಿದು, ಕೋಣೆಯ ಉದ್ದಗಲಕ್ಕೂ ನಡೆಯುತ್ತಾ, ಮದುವೆಯಾದಂದಿನಿಂದ ನುಂಗಿದ್ದನ್ನೆಲ್ಲ ಗಟ್ಟಿಯಾಗಿ ಕಕ್ಕಿದೆ. ಮಾಮಿ ಅಂಗಳಕ್ಕೆ ಇಳಿದಾಗಿತ್ತು, ಕಿವಿಯೂ ಸ್ವಲ್ಪ ಮಂದ. ಹಾಗಾಗಿ ಧೈರ್ಯ ಜಾಸ್ತಿಯೇ ಇತ್ತು. ಕೊನೆಗೆ ಮೇಜಿಗೆ ಒಂದು ಗುದ್ದು ಗುದ್ದಿದೆ. ಇವರಿಗೆ ಕಳಿಸಲಿಕ್ಕೆಂದು ತುಂಬಿಸಿ ಮೇಜಿನ ಮೇಲಿಟ್ಟಿದ್ದ ಇನ್ನೊಂದು ಕ್ಯಾಸೆಟು, ಎರಡೂ ಡಬ್ಬಿಗಳು ನೆಲಕ್ಕೆ ಬಿದ್ದವು.

ಟೇಪಿನ ಚಕ್ರ ಅಷ್ಟು ಹೊತ್ತೂ ತಿರುಗುತ್ತಲೇ ಇತ್ತು. ಸಿಟ್ಟಿನಲ್ಲಿ ಅದನ್ನು ಯಾರು ನೋಡುತ್ತಾರೆ? ಟಪ್ ಎಂದು ನಿಲ್ಲಿಸಿ, ಕ್ಯಾಸೆಟು ತೆಗೆದು, ಕೆಳಗೆ ಬಿದ್ದದ್ದನ್ನೂ ಹೆಕ್ಕಿ, ಕೈಗೆ ಸಿಕ್ಕಿದ ಡಬ್ಬಿಗೆ ಸಿಕ್ಕಿದ್ದನ್ನು ತುರುಕಿದೆ. ಒಂದು ಡಬ್ಬಿಯ ಮೇಲೆ "ಮೊಘಲ್" ಎಂದು ಬರೆದಿತ್ತು. ಇನ್ನೊಂದರ ಮೇಲೆ "ಇವರಿಗೆ". ಕ್ಯಾಸೆಟುಗಳ ಮೇಲೆ ಎಂತ ಬರೆದಿತ್ತು? ಎಂತದೂ ಇಲ್ಲ!

ಮರುದಿನ ಪಡೀಲಿನ ವಿಠಲ ಬಂದ. ಇವರ ಗೆಳೆಯ, ದುಬೈಗೆ ವಾಪಸು ಹೊರಟವನು. "ಇವರಿಗೆ" ಎಂಬ ಡಬ್ಬಿಯನ್ನೂ ಮಾಮಿ ಹಾಕಿದ ಮಾವಿನ ಉಪ್ಪಿನಕಾಯಿಯ ಬಾಟಲಿಯನ್ನೂ ಕೊಟ್ಟೆ. ಬಾಟಲಿ ಒಡೆಯಬಾರದೆಂದು ಯಾವುದರಲ್ಲಿ ಸುತ್ತಿದೆ? ಮೊಘಲರ ಪಾಠದ ಹಾಳೆಗಳಲ್ಲಿ! ಹೇಗೂ ಟೇಪಿನಲ್ಲಿ ಉಂಟಲ್ಲ, ಇನ್ನು ಪೇಪರ್ ಯಾಕೆ?

ವಿಠಲ ಹೋದ ಮೇಲೆ, ಮಸಾಲೆ ಕಡೆಯುವ ಕಲ್ಲಿನ ಪಕ್ಕ ಟೇಪ್ ಇಟ್ಟು ಠೀವಿಯಿಂದ ಗುಂಡಿ ಒತ್ತಿದೆ. ಮೊಘಲರ ಬದಲು ಮಾಮಿಯ ಸ್ವರ ಬಂತು.

"ಮಗಾ, ಶಶಿ ಪೇಟೆಗೆ ಹೋಗಿದ್ದಾಳೆ, ಅದಕ್ಕೇ ಹೇಳುವುದು. ಒಳ್ಳೆ ಹುಡುಗಿ. ಅವಳಿಲ್ಲದಿದ್ದರೆ ನನ್ನ ಗತಿ ಎಂತ? ಪುಸ್ತಕ ಹಿಡಿದರೆ ಮಾತ್ರ ಈ ಲೋಕದಲ್ಲಿ ಇರುವುದಿಲ್ಲ. ನನಗೆ ಒಬ್ಬಳಿಗೇ ಬೇಜಾರು ಆಗ್ತದೆ. ಅದಕ್ಕೆ ಏನಾದರೂ ನೆವ ಮಾಡಿ ಕರೆಯುತ್ತೇನೆ."

ನನಗೆ ನಾಚಿಕೆ ಆಗಬೇಕಿತ್ತು. ಆದದ್ದು ಸಿಟ್ಟು! ಹೊಗಳುವುದಿದ್ದರೆ ಮುಖ ನೋಡಿ ಹೊಗಳಬಾರದಾ?

ಆಮೇಲೆ ತಲೆಗೆ ಹೋಯಿತು. ಇದು ಇಲ್ಲಿದ್ದರೆ ಮೊಘಲರು ವಿಠಲನ ಚೀಲದಲ್ಲಿ!

ಮಸಾಲೆ ಕೈಯಲ್ಲೇ ಓಡಿದೆ. ಹಂಪನಕಟ್ಟೆಗೆ ಒಂದು ಬಸ್ಸು, ಅಲ್ಲಿಂದ ಪಡೀಲಿಗೆ ಇನ್ನೊಂದು. ವಿಠಲ ಅವನ ಮನೆಯಲ್ಲಿ ಬೊಂಬಾಯಿ ಬಸ್ಸಿಗೆ ಹೊರಟು ನಿಂತಿದ್ದ. ಅವನ ಚೀಲವನ್ನು ನೈಲಾನ್ ಹಗ್ಗದಿಂದ ಬಿಗಿದು, ಗಂಟಿನ ಮೇಲೆ ಗಂಟು ಹಾಕಿಯಾಗಿತ್ತು.

"ವಿಠಲ, ಆ ಕ್ಯಾಸೆಟು ಬದಲಾಗಿದೆ. ಚೀಲ ಬಿಚ್ಚು. ಅದರಲ್ಲಿ ಮೊಘಲರು ಇದ್ದಾರೆ."

"ಇರಲಿ ಅಕ್ಕ, ಅವರೂ ಒಮ್ಮೆ ದುಬೈ ನೋಡಿ ಬರಲಿ!" ಎಂದು ಅವನು ನಕ್ಕ. ಮೆಲ್ಲನೆ, "ಬಸ್ಸಿಗೆ ಹೊತ್ತಾಯಿತಲ್ಲ. ಆದರೂ ಅಗತ್ಯ ಇದ್ದರೆ ಬಿಚ್ಚುತ್ತೇನೆ" ಎಂದು ಬಗ್ಗಿ ಹಗ್ಗಕ್ಕೆ ಕೈಯನ್ನೂ ಹಾಕಿದ.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಈ ಕಥೆ ಮುಗಿಯುತ್ತಿತ್ತು. ಆದರೆ ಅವನು ನಕ್ಕದ್ದನ್ನು ನಾನು ಹಾಗೇ ಬಿಡುತ್ತೇನಾ?

"ನಿನಗೆ ಚರಿತ್ರೆ ಎಂದರೆ ತಮಾಷೆಯಾ? ಚರಿತ್ರೆ ಗೊತ್ತಿಲ್ಲದವರು ದುಬೈಗೆ ಹೋದರೂ ಒಂದೇ, ಬಾವಿಗೆ ಬಿದ್ದರೂ ಒಂದೇ! ಬೇಡ, ನಿನ್ನ ಉಪಕಾರವೇ ಬೇಡ. ನನಗೆ ಎಲ್ಲ ಬಾಯಿಪಾಠ ಉಂಟು!"

ತಲೆ ಎತ್ತಿ, ಸೆರಗು ಬೀಸಿ, ರಾಣಿಯ ಹಾಗೆ ಹೊರಗೆ ಬಂದೆ. ಬಸ್ ಸ್ಟಾಪಿಗೆ ತಲುಪುವಾಗ ಹನ್ನೆರಡು ಕಾರಣಗಳನ್ನು ನೆನಪು ಮಾಡಿ ನೋಡಿದೆ. ಮೂರು ಇದ್ದವು.

ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ ಅದು. "ಮೊಘಲ್ ಸಾಮ್ರಾಜ್ಯದ ಪತನಕ್ಕೆ ಕಾರಣಗಳನ್ನು ವಿವರಿಸಿ." ಆ ಮೂರು ಕಾರಣಗಳನ್ನು ಅರ್ಧ ಪುಟದಲ್ಲಿ ಮುಗಿಸಿದೆ. ಉಳಿದ ನಾಲ್ಕು ಪುಟ? "ಅಂತಃಪುರದ ಹಿರಿಯ ಸ್ತ್ರೀಯರ ವಿಪರೀತ ಹಸ್ತಕ್ಷೇಪ" ಎಂದು ನಾಲ್ಕನೆಯ ಕಾರಣವನ್ನು ನಾನೇ ಸ್ಥಾಪಿಸಿ, ಕಣ್ಣಾರೆ ಕಂಡವಳ ಹಾಗೆ ವಿವರಿಸಿದೆ. ಮೀನೊಂದನ್ನು ಬಿಟ್ಟು ಎಲ್ಲವನ್ನೂ ಬರೆದೆ!

ಪರೀಕ್ಷೆ ಮುಗಿದು ತಿಂಗಳಾಗುವಾಗ ಇವರ ಕ್ಯಾಸೆಟು ಬಂತು. ಕ್ಯಾಸೆಟು ಬಂದ ದಿನ ನಮ್ಮ ಜಗಲಿಯಲ್ಲಿ ಸಣ್ಣ ಸಭೆಯೇ ಸೇರುತ್ತಿತ್ತು. ಪಕ್ಕದ ಮನೆಯ ಝುಬೈದಾಳ ಗಂಡನೂ ದುಬೈಯಲ್ಲಿ ಇವರದೇ ರೂಮಿನಲ್ಲಿ ಇದ್ದದ್ದರಿಂದ ಅವಳೂ ಬಂದು ಕುಳಿತಳು. ಮಾಮಿಗೆ ಚೆನ್ನಾಗಿ ಕೇಳಲಿ ಎಂದು ಸ್ವರವನ್ನು ಪೂರ್ತಿ ಜೋರು ಮಾಡಿದೆ. ನಾನೇ! ನನ್ನ ಈ ಕೈಯಿಂದಲೇ!

"ಶಶಿ, ನಿನ್ನ ಕ್ಯಾಸೆಟನ್ನು ರೂಮಿನಲ್ಲಿ ಎಂಟು ಜನ ಕೂತು ಕೇಳಿದೆವು" ಎಂದು ಇವರ ಸ್ವರ ಬಂತು. "ಮೊಘಲರದ್ದು ಅರ್ಧಕ್ಕಾಗುವಾಗ ನಾಲ್ಕು ಜನ ಮಲಗಿದರು. ಆಮೇಲೆ ನೀನು 'ಈ ಮನೆಯ ಪತನಕ್ಕೆ ಕಾರಣಗಳು' ಎಂದು ಶುರು ಮಾಡಿದೆಯಲ್ಲ, ಎಲ್ಲರೂ ಎದ್ದು ಕೂತರು!"

ನಾನು ಟೇಪಿನ ಮೇಲೆ ಹಾರಿದೆ. ಮಾಮಿ ನನ್ನ ಕೈ ಹಿಡಿದರು.

"ಇರಲಿ, ಮಗ ಮಾತಾಡಲಿ."

ಮಗ ಮಾತಾಡಿದರು. ನಾನು ಬೈದಿದ್ದನ್ನು ಒಂದೊಂದಾಗಿ ಎತ್ತಿ, ಒಂದೊಂದಕ್ಕೂ ಉತ್ತರ ಕೊಟ್ಟರು. "ಮೀನು ಹತ್ತಕ್ಕೆ ಬರುವುದಾದರೆ ಅಮ್ಮ ಒಂಬತ್ತರಿಂದಲೇ ಕೂಗುವುದು ತಪ್ಪು, ಒಪ್ಪುತ್ತೇನೆ. ನೀನು ಮಾಡಿದ ಸಾರಿಗೆ ಅಮ್ಮ ಗುಟ್ಟಾಗಿ ಇನ್ನೊಂದು ಹಿಡಿ ಉಪ್ಪು ಹಾಕಿ, ನೆಂಟರ ಎದುರು 'ಸೊಸೆಗೆ ಉಪ್ಪಿನ ಅಂದಾಜಿಲ್ಲ' ಎನ್ನುವುದು ಹೌದಾದರೆ ಅದು ದೊಡ್ಡ ತಪ್ಪು." ಝುಬೈದಾ ಸೆರಗು ಬಾಯಿಗೆ ತುರುಕಿಕೊಂಡಳು. "ಕೊನೆಯದು, ಚಕ್ರವರ್ತಿ ಎರಡು ವರ್ಷಕ್ಕೊಮ್ಮೆ ನೆಂಟನ ಹಾಗೆ ಬಂದು ಹೋಗುವುದು ಎಂದೆಯಲ್ಲ. ಅದು ಮಾತ್ರ ಪೂರ್ತಿ ನಿಜ ಮಾರಾಯ್ತಿ. ಅದನ್ನು ಕೇಳಿ ರೂಮಿನಲ್ಲಿ ಯಾರೂ ನಗಲಿಲ್ಲ."

ಟೇಪು ನಿಂತಿತು. ಭೂಮಿ ಬಾಯಿ ಬಿಡಲಿಲ್ಲ. ಬಿಡಬೇಕಾದಾಗ ಅದು ಬಿಡುವುದೇ ಇಲ್ಲ!

ಮಾಮಿ ನನ್ನ ಕೈ ಬಿಟ್ಟು ಎದ್ದರು.

"ಉಪ್ಪಿನದ್ದು ಸುಳ್ಳು. ಬಾಕಿ ಎಲ್ಲ ಸರಿ" ಎಂದು ಒಳಗೆ ಹೋದರು.

ಫಲಿತಾಂಶವೂ ಬಂತು. ಆ ಪತ್ರಿಕೆಯಲ್ಲಿ ನಪಾಸು. ಮುಂದಿನ ವರ್ಷಕ್ಕೆ ಮತ್ತೆ ಕಟ್ಟಿದೆ. ಆದರೆ ಮನೆಯಲ್ಲಿ ಆಡಳಿತ ಬದಲಾಗಿತ್ತು. ಮೀನು ಮಾಮಿಯೇ ನೋಡಿದರು, ಕಾಗೆ ಮಾಮಿಯೇ ಓಡಿಸಿದರು. ಬಂದವರನ್ನೆಲ್ಲ ಗೇಟಿನಲ್ಲೇ ತಡೆದು, "ಮೆಲ್ಲ ಮಾತಾಡಿ. ಇಲ್ಲದಿದ್ದರೆ ಅವಳ ಕ್ಯಾಸೆಟಿನಲ್ಲಿ ನಿಮ್ಮ ಹೆಸರೂ ಬಂದೀತು!" ಎಂದು ಹೆದರಿಸಿದರು. ಇಡೀ ಮನೆ ನಿಶ್ಶಬ್ದ. ಪುಸ್ತಕ ಬಿಡಿಸಿದೆ. ಎರಡೇ ನಿಮಿಷದಲ್ಲಿ ನಿದ್ದೆ ಬಂತು!

ದಿನಾಲೂ ಅದೇ ಕಥೆ. ಎಚ್ಚರವಾದಾಗ ಕೆನ್ನೆಯಲ್ಲಿ ಪುಸ್ತಕದ ಅಂಚಿನ ಗೆರೆ. ಎಲ್ಲಿಲ್ಲದ ಸಿಟ್ಟು. ಯಾರ ಮೇಲೆ ತೀರಿಸುವುದು ಎಂದು ಮನೆಯಿಡೀ ಹುಡುಕಿದೆ. ನಾನೊಬ್ಬಳೇ ಸಿಕ್ಕಿದೆ.

ಹೇಗೋ ಆ ವರ್ಷ ಪಾಸಾದೆ. ಮೂರನೇ ಕ್ಲಾಸು. ಮಾಮಿಗೆ ಹೇಳಿ, ಇವರಿಗೂ ಕ್ಯಾಸೆಟಿನಲ್ಲಿ ತುಂಬಿಸಿ ಹೊರಗೆ ಬಂದು ನೋಡಿದರೆ, ಮಾಮಿ ಬಾಳೆಹಣ್ಣಿನ ಹಲ್ವದ ತಟ್ಟೆ ಹಿಡಿದು ಓಣಿಯ ಮನೆಮನೆಗೆ ಹೋಗುತ್ತಿದ್ದರು.

"ನಮ್ಮ ಶಶಿ ಎಂ.ಎ.ಯಲ್ಲಿ ಇಡೀ ರಾಜ್ಯಕ್ಕೇ ಮೂರನೆಯವಳು!"

ಚರಿತ್ರೆ ಓದಿದವಳು ಸತ್ಯ ಹೇಳಬೇಕು. ತಿದ್ದಬೇಕೆಂದು ಬಾಯಿ ತೆರೆದದ್ದು ಹೌದು. ಅಷ್ಟರಲ್ಲಿ ಝುಬೈದಾ ಬಂದು ಕೈ ಕುಲುಕಿದಳು. ನಾನು ತೆರೆದ ಬಾಯಿಗೆ ಒಂದು ತುಂಡು ಹಲ್ವ ಹಾಕಿಕೊಂಡೆ.