ಗಾಜಿನ ಬಚ್ಚಲುಮನೆ ಕಟ್ಟಿಸಿದವರಿಗೆ

ಮಾನ್ಯ ಒಳಾಂಗಣ ವಿನ್ಯಾಸಕರೇ,

ತಮಗೂ, ತಮ್ಮ ಕುಟುಂಬಕ್ಕೂ, ಆ ಕುಟುಂಬದವರು ಸ್ನಾನ ಮಾಡುವ ಕೋಣೆಗೆ ಗೋಡೆಯೆಂಬುದಿದ್ದರೆ ಆ ಗೋಡೆಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ನಾನು ಮೂವತ್ತೆರಡು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ನಿವೃತ್ತನಾದವನು. ಕಳೆದ ವಾರ ತಂಗಿಯ ಕಿರಿಮಗಳ ಮದುವೆಗೆಂದು ಬಂದು, ಊರ ನಟ್ಟನಡುವೆ ತಾವು ಅಂದಗೊಳಿಸಿದ ಹೋಟೆಲಿನ ನಾನೂರ ಹನ್ನೆರಡನೇ ಕೋಣೆಯಲ್ಲಿ ತಂಗುವ ಭಾಗ್ಯ ನನ್ನದಾಯಿತು.

ಮೊದಲಿಗೆ ಮೆಚ್ಚುಗೆ. ಗಾರೆ ಕಾಣದ ಗೋಡೆಗಳನ್ನು ನೋಡಿ, ಪಾಪ, ಮೇಸ್ತ್ರಿ ಅರ್ಧಕ್ಕೇ ಬಿಟ್ಟು ಹೋದನೆಂದು ಮರುಗಿದ ನನಗೆ, ಅದೇ ಈಗಿನ ಶೈಲಿಯೆಂದು ಸ್ವಾಗತದ ಮೇಜಿನ ಹುಡುಗಿ ನಯವಾಗಿ ತಿಳಿಹೇಳಿದಳು. ಕೂತರೆ ಏಳಲಾಗದ ಕುರ್ಚಿ, ಎಲ್ಲಿ ತಿರುಗಿಸಬೇಕೆಂಬ ಗುಟ್ಟು ಬಿಟ್ಟುಕೊಡದ ನಲ್ಲಿ, ಎಲ್ಲವೂ ಸೊಗಸು. ಆದರೆ ಹಾಸಿಗೆಗೂ ಬಚ್ಚಲಿಗೂ ನಡುವೆ ನೆಲದಿಂದ ಸೂರಿನವರೆಗೆ ಬರಿಯ ಗಾಜು ನಿಲ್ಲಿಸಿ, ಅದನ್ನು ಮುಚ್ಚುವ ಪರದೆಯ ಗುಂಡಿಯನ್ನು ಸ್ನಾನ ಮಾಡುವವನ ಕೈಗೆ ಕೊಡದೆ, ಮಲಗಿದವನ ತಲೆದೆಸೆಯಲ್ಲಿ ಇರಿಸಿದ ತಮ್ಮ ದೂರದೃಷ್ಟಿಯನ್ನು ಯಾವ ಮಾತಿನಲ್ಲಿ ಹೊಗಳಲಿ?

ಆ ಕೋಣೆಯಲ್ಲಿ ನನ್ನ ಜೊತೆಗಿದ್ದವನು ನನ್ನ ಅಣ್ಣ. ನಾವು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ತಂಗಿಯ ಹಿರಿಮಗಳ ಮದುವೆಯ ಆಮಂತ್ರಣ ನಮ್ಮ ಮುದ್ರಣಾಲಯದಲ್ಲೇ ಅಚ್ಚಾಗಿ, ಅದರಲ್ಲಿ ನೆರೆಮನೆಯವರ ಅಳಿಯನ ಹೆಸರೂ ಇದ್ದು, ಹುಡುಗಿಯ ಸ್ವಂತ ಸೋದರಮಾವನಾದ ಅಣ್ಣನ ಹೆಸರೇ ಬಿಟ್ಟುಹೋಗಿತ್ತು. ನಾನು ಬೇಕೆಂದೇ ಬಿಟ್ಟೆನೆಂದು ಅವನು. ಅಚ್ಚು ಹಾಕಿದವನ ತಪ್ಪೆಂದು ನಾನು. ಅಲ್ಲಿಗೆ ಮುಗಿದಿತ್ತು. ಈ ಸಲ ತಂಗಿ, "ಒಂದೇ ರೂಮು ಸಿಕ್ಕಿದ್ದು, ಹೊಂದಿಕೊಳ್ಳಿ" ಎಂದು ಇಬ್ಬರ ಚೀಲಗಳನ್ನೂ ಒಟ್ಟಿಗೇ ಇಡಿಸಿದಳು. ಆ ಮಹಡಿಯಲ್ಲಿ ಆರು ಕೋಣೆ ಖಾಲಿ ಇದ್ದುದನ್ನು ನಾನೇ ಎಣಿಸಿದ್ದೇನೆ.

ಮದುವೆಯ ದಿನ ಬೆಳಿಗ್ಗೆ ಎಂಟಕ್ಕೆ ಅಣ್ಣ ತಾನೇ ಗುಂಡಿ ಒತ್ತಿ, ಪರದೆ ಇಳಿಸಿ, ಸ್ನಾನಕ್ಕೆ ಹೋದ. ಕಣ್ಣು ಕುಕ್ಕುತ್ತಿದ್ದ ದೀಪವನ್ನು ಆರಿಸೋಣವೆಂದು ನಾನು, ಅಕ್ಷರದ ಸುಳಿವಿಲ್ಲದೆ ಬರಿ ಚಿತ್ರಗಳೇ ತುಂಬಿದ ತಮ್ಮ ಫಲಕದಲ್ಲಿ, ಅರ್ಧಚಂದ್ರನನ್ನು ಒತ್ತಿದೆ. ದೀಪ ಆರಲಿಲ್ಲ. ಪರದೆ ರಾಜಗಾಂಭೀರ್ಯದಿಂದ ಮೇಲೇರಿ, ಅರವತ್ತೇಳು ವರ್ಷದ ನಮ್ಮಣ್ಣ ಅಡಿಯಿಂದ ಮುಡಿಯವರೆಗೆ ಸೋಪಿನ ನೊರೆಯಲ್ಲಿ ದರ್ಶನ ಕೊಟ್ಟ.

"ಲೇ, ಪರದೆ ಮುಚ್ಚೋ." ಹನ್ನೊಂದು ವರ್ಷದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಇದು.

ಗಾಬರಿಯಲ್ಲಿ ಅಲೆಯ ಚಿತ್ರ ಒತ್ತಿದೆ. ಬೀದಿ ಕಡೆಯ ಕಿಟಕಿಯ ಪರದೆಯೂ ಸರಿಯಿತು. ಎದುರು ಕಟ್ಟಡದ ಕಚೇರಿಯಲ್ಲಿ ಚಹಾ ಲೋಟ ಹಿಡಿದು ನಿಂತಿದ್ದ ಮೂವರಲ್ಲಿ ಒಬ್ಬರು ಮಾತ್ರ ಸಭ್ಯರು, ಬೆನ್ನು ತಿರುಗಿಸಿದರು. ನಾನು ಹೊದಿಕೆ ಕಿತ್ತು, ಎರಡೂ ಕೈಯೆತ್ತಿ ಬಚ್ಚಲಿನ ಗಾಜಿಗೆ ಅಡ್ಡ ಹಿಡಿದು ನಿಂತೆ. ಅಣ್ಣ ಆತುರದ ಪ್ರಾಣಿಯಲ್ಲ; ಎರಡು ಸಲ ಸೋಪು ಹಚ್ಚದೆ ಅವನ ಸ್ನಾನ ಮುಗಿಯುವುದಿಲ್ಲ. ನನ್ನ ತೋಳು ಕಳಚಿ ಬೀಳುವ ಹೊತ್ತಿಗೆ ನೀರಿನ ಸದ್ದು ನಿಂತು, ಒಳಗಿನಿಂದ ದನಿ ಬಂತು.

"ಆ ಪತ್ರಿಕೇಲಿ ನನ್ನ ಹೆಸರು ಬೇಕಂತಲೇ ಬಿಟ್ಯಾ?"

ಅವನ ಮುಖ ಎದುರಿಗಿದ್ದಿದ್ದರೆ ಹಳೇ ಉತ್ತರವನ್ನೇ ಕೊಡುತ್ತಿದ್ದೆ. ಹೊದಿಕೆಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

"ಇಲ್ಲ ಅಣ್ಣ. ಮೂರು ಸಲ ಓದಿದೆ, ಮೂರು ಸಲವೂ ಕಣ್ಣಿಗೆ ಬೀಳಲಿಲ್ಲ. ತಪ್ಪು ನಂದೇ."

"ಅದನ್ನ ಅವತ್ತೇ ಹೇಳೋಕೆ ಏನಾಗಿತ್ತು?"

"ನಾಚಿಕೆ ಆಯ್ತು. ಕರಡು ತಿದ್ದೋನಲ್ವಾ ನಾನು."

ಅಣ್ಣ, "ಟವೆಲ್ ಕೊಡು" ಎಂದ. ಕೊಡಲು ಕೈ ಚಾಚಿದೆ, ಹೊದಿಕೆ ಕೆಳಗೆ ಬಿತ್ತು. ಅವನು ನಗತೊಡಗಿದ, ನಾನೂ ನಕ್ಕೆ. ಮಂಟಪಕ್ಕೆ ಇಬ್ಬರೂ ಒಂದೇ ಆಟೋದಲ್ಲಿ ಹೋದದ್ದನ್ನು ನೋಡಿ ತಂಗಿ, ಏನೂ ಅರಿಯದವಳಂತೆ, ಕಣ್ಣೊರೆಸಿಕೊಂಡಳು.

ಆದ್ದರಿಂದ ನನ್ನ ದೂರು ಇಷ್ಟೇ. ಹನ್ನೊಂದು ವರ್ಷ ಜೋಪಾನ ಮಾಡಿದ್ದ ಒಂದು ಸಿಟ್ಟನ್ನು ನಾನು ತಮ್ಮ ಕೋಣೆಯಲ್ಲಿ ಕಳೆದುಕೊಂಡಿದ್ದೇನೆ. ಸಿಕ್ಕರೆ ದಯವಿಟ್ಟು ವಾಪಸು ಕಳಿಸಬೇಡಿ. ಬದಲಿಗೆ ಪ್ರತಿಯೊಂದು ನ್ಯಾಯಾಲಯದಲ್ಲೂ ಇಂಥದೊಂದು ಬಚ್ಚಲು ಕಟ್ಟಿಸಿ ದಾಯಾದಿಗಳನ್ನು ಜೋಡಿ ಜೋಡಿಯಾಗಿ ಸ್ನಾನಕ್ಕೆ ಕಳಿಸಬೇಕೆಂದೂ, ಎದುರು ಕಟ್ಟಡದ ಮೂವರ ನೆನಪಿನಿಂದ ಆ ಬೆಳಗನ್ನು ಅಳಿಸಿಕೊಡಬೇಕೆಂದೂ ಸವಿನಯ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಅಣ್ಣನ ತಮ್ಮ

ವಿ.ಸೂ.: ಅಣ್ಣ ಈಗ ದಿನಾ ಬೆಳಿಗ್ಗೆ ಐದೂವರೆಗೆ ಫೋನು ಮಾಡಿ ತನ್ನ ಮಂಡಿನೋವಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತಾನೆ. ಇದರ ಹೊಣೆ ತಮ್ಮಲ್ಲಿ ಯಾರದೆಂದು ತಿಳಿಸಿದರೆ, ಅವರ ನಂಬರನ್ನು ಅವನಿಗೆ ಕೊಡುತ್ತೇನೆ.