ಇಪ್ಪತ್ತು ಮುಖದ ದಾಳ ಮತ್ತು ಮೋನಪ್ಪಣ್ಣನ ತಪ್ಪೊಪ್ಪಿಗೆ

ಅನಾಹುತ ಆರಂಭವಾದದ್ದು ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ ಉಂಟು. ಮೂಡುಬಿದಿರೆಯ ಬಸ್ಸು ಶಿರ್ತಾಡಿಯ ನಮ್ಮ ಮನೆಯೆದುರು ಬಂದು ನಿಲ್ಲುತ್ತಿದ್ದದ್ದು ಅದೇ ಹೊತ್ತಿಗೆ. ಅದು ಗುಡುಗುಡು ಎನ್ನುತ್ತ ನಿಂತು ಗುಡುಗುಡು ಎನ್ನುತ್ತಲೇ ಹೊರಡುವ ಬಸ್ಸು. ಆ ಸದ್ದಿನಲ್ಲಿ ನಮ್ಮ ಜಗಲಿಯ ಮಾತು ನಮಗೇ ಕೇಳಿಸುತ್ತಿರಲಿಲ್ಲ. ಆ ದಿನ ಮಾತ್ರ ಡ್ರೈವರನಿಗೆ ಚಹಾ ಕುಡಿಯುವ ಮನಸ್ಸಾಯಿತು. ಎಂಜಿನ್ ಬಂದ್ ಮಾಡಿ ಇಳಿದ. ಅವನಿಗೆ ಬಾಯಾರಿಕೆ ಆಗದೇ ಇದ್ದಿದ್ದರೆ ನಾನು ಇವತ್ತಿಗೂ ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ.

ಆಗ ಎಂಬತ್ತರ ದಶಕದ ಆರಂಭ. ಗಲ್ಫಿನಿಂದ ಬಂದವರೆಲ್ಲ ಟೇಪ್ ರೆಕಾರ್ಡರ್ ತರುತ್ತಿದ್ದರು. ನನ್ನ ಹೆಂಡತಿ ಸುಗುಣಾಳ ತಮ್ಮ ಪ್ರಭಾಕರ ಬಹರೈನಿನಿಂದ ಒಂದು ಆಟದ ಡಬ್ಬಿ ತಂದ. ಜೊತೆಗೆ ಕೆಲಸ ಮಾಡುತ್ತಿದ್ದ ಅಮೆರಿಕದವನು ಊರಿಗೆ ಹೋಗುವಾಗ ಬಿಟ್ಟುಹೋದದ್ದಂತೆ. ಒಳಗೆ ದಪ್ಪ ಪುಸ್ತಕಗಳು, ಮತ್ತು ನಾನು ಹುಟ್ಟಿದ ಮೇಲೆ ಕಂಡಿರದ ಆಕಾರದ ದಾಳಗಳು. ಒಂದಕ್ಕೆ ಇಪ್ಪತ್ತು ಮುಖ.

"ಬೋರ್ಡ್ ಎಲ್ಲಿ?" ಎಂದು ಕೇಳಿದೆ.

"ಬೋರ್ಡ್ ಇಲ್ಲ ಭಾವ. ಒಬ್ಬರು ಕತೆ ನಡೆಸುವುದು. ಉಳಿದವರು ಆ ಕತೆಯ ಒಳಗಿನ ಜನ ಆಗುವುದು. ಸಂಶಯ ಬಂದಲ್ಲಿ ದಾಳ ಹಾಕುವುದು."

ಇಷ್ಟು ಕಲಿಸಿ ಅವನು ಚಾರ್ಮಾಡಿಗೆ ಹೆಣ್ಣು ನೋಡಲು ಹೋದ. ಡಬ್ಬಿ ನಮ್ಮಲ್ಲಿ ಉಳಿಯಿತು.

ಪುಸ್ತಕಗಳನ್ನು ಪೂರ್ತಿ ಓದಿದವಳು ಸುಗುಣ ಒಬ್ಬಳೇ. ಆದ್ದರಿಂದ ಕತೆ ನಡೆಸುವವಳು ಅವಳಾದಳು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಷ್ಟ್ರು, ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಮೊದಲ ಬಹುಮಾನ ಹೊಡೆದವನು. ಯೋಧ, ಕಳ್ಳ, ಮಾಂತ್ರಿಕ ಮುಂತಾದ ಸಾಮಾನ್ಯ ಪಾತ್ರಗಳು ನನ್ನ ಘನತೆಗೆ ಒಪ್ಪಲಿಲ್ಲ. ಪುಸ್ತಕದ ಕೊನೆಯಲ್ಲಿ ಒಂದು ವಿಶೇಷ ಪಾತ್ರವಿತ್ತು: ಪಾಷಂಡಿಗಳನ್ನು ಬೇಟೆಯಾಡುವ ಪುರೋಹಿತ. ಹೊರಗೆ ಭಕ್ತಿ ತೋರಿಸಿ ಒಳಗೆ ಧರ್ಮಕ್ಕೆ ದ್ರೋಹ ಬಗೆಯುವವರನ್ನು ಇವನು ವಾಸನೆಯಿಂದಲೇ ಹಿಡಿಯುತ್ತಾನೆ. ಎದುರು ನಿಲ್ಲಿಸಿ ಪ್ರಶ್ನೆ ಕೇಳಿ ಇಪ್ಪತ್ತು ಮುಖದ ದಾಳ ಹಾಕಬೇಕು. ಹನ್ನೊಂದು ದಾಟಿದರೆ ಆರೋಪಿ ಸತ್ಯ ಹೇಳಲೇಬೇಕು. ಒಂಬತ್ತನೇ ತರಗತಿಗೆ ಪಾಠ ಮಾಡುವವನಿಗೆ ಇದಕ್ಕಿಂತ ದೊಡ್ಡ ವರ ಬೇರೆ ಉಂಟೇ?

"ಇದನ್ನೂ ಕೇಳಿ," ಎಂದು ಸುಗುಣ ಕೆಳಗಿನ ಸಾಲು ಓದಿದಳು. "ನಿರಪರಾಧಿಯನ್ನು ಸಿಕ್ಕಿಸಿ ಹಾಕಿದರೆ ಪುರೋಹಿತನ ಶಕ್ತಿ ಎಲ್ಲ ಹೋಗ್ತದೆ. ಪ್ರಾಯಶ್ಚಿತ್ತ ಆಗುವ ತನಕ ಅವನಿಗೆ ವಿಶ್ರಾಂತಿಯೂ ಇಲ್ಲ."

"ಅದು ಬಿಡು. ನಾನು ತಪ್ಪು ಮಾಡುವುದಿಲ್ಲ," ಎಂದೆ.

ಹಿಡಿಯಲು ಒಬ್ಬ ಪಾಷಂಡಿ ಬೇಕಲ್ಲ. ಬಸ್‌ಸ್ಟಾಪಿನ ಪಕ್ಕದ ಟೈಲರ್ ಮೋನಪ್ಪಣ್ಣ ಬಂದ. ಊರಿನ ನಾಟಕಗಳಿಗೆಲ್ಲ ರಾಜನ ಅಂಗಿ, ಮಂತ್ರಿಯ ಶಾಲು ಹೊಲಿದುಕೊಟ್ಟವನು ಅವನು. ಅವನಿಗೆ ಮಾತ್ರ ಯಾರೂ ಒಂದು ಮಾತಿನ ಪಾತ್ರ ಕೊಟ್ಟಿರಲಿಲ್ಲ.

"ಇದರಲ್ಲಿ ನನಗೆ ಡೈಲಾಗ್ ಉಂಟಾ?" ಎಂದು ಕೇಳಿದ.

"ಬೇಕಾದಷ್ಟು," ಎಂದಳು ಸುಗುಣ.

ಅವನ ಮುಖ ಅರಳಿದ್ದು ನೋಡಿದರೆ ಯಾರಿಗಾದರೂ ಸಂತೋಷವಾಗುತ್ತಿತ್ತು. ನನಗೂ ಆಯಿತು. ಈಗ ನೆನಪಿಸಿಕೊಂಡರೆ ಅದೇ ಮುಖ ಎದೆಗೆ ಚುಚ್ಚುತ್ತದೆ.

ಎರಡು ಭಾನುವಾರ ಹಿಡಿದು ನಾನು ಮೋನಪ್ಪಣ್ಣನನ್ನು ಕಾಡು, ಕೋಟೆ, ಸುರಂಗಗಳಲ್ಲಿ ಅಟ್ಟಿಸಿಕೊಂಡು ಹೋದೆ. ಮೂರನೆಯ ಭಾನುವಾರ ಹಿಡಿದೆ. ಬಸ್ಸು ಬಂದು ನಿಂತಿತು. ನಾನು ಮೈ ಒರೆಸುವ ಬೈರಾಸನ್ನು ಹೆಗಲಿಗೆ ಹಾಕಿ ಎದ್ದುನಿಂತು ಗುಡುಗಿದೆ.

"ಎಲವೋ ಪಾಷಂಡಿ! ಗುಡಿಯ ಸೊತ್ತನ್ನು ಕದ್ದವರು ಯಾರು?"

ದಾಳ ಉರುಳಿತು. ಹತ್ತೊಂಬತ್ತು. ಅದೇ ಕ್ಷಣಕ್ಕೆ ಎಂಜಿನ್ ನಿಂತಿತು.

ಮೋನಪ್ಪಣ್ಣ ಬಹುಕಾಲ ಒಳಗೆ ತಡೆದಿಟ್ಟುಕೊಂಡ ಕಂಠವನ್ನು ಹೊರಗೆ ಬಿಟ್ಟ. "ನಾನೇ! ದೈವದ ಕತ್ತಿ ಕದ್ದವನು ನಾನೇ! ಕದ್ದು ಕೆರೆಗೆ ಬಿಸಾಡಿದೆ! ಏನು ಮಾಡ್ತೀಯೋ ಮಾಡು!"

ಗುಡಿಯ ಸೊತ್ತು ಎಂದಾಗ ಅವನಿಗೆ ಹೊಳೆದದ್ದು ನಮ್ಮೂರ ದೈವದ ಬೆಳ್ಳಿ ಹಿಡಿಯ ಕತ್ತಿ. ನಮ್ಮೂರಲ್ಲಿ ಹುಟ್ಟಿ ಬೆಳೆದವನಿಗೆ ಬೇರೇನು ಹೊಳೆಯಬೇಕು? ಸುಗುಣ ಚಪ್ಪಾಳೆ ತಟ್ಟಿದಳು. ಬಸ್ಸಿನ ಕಿಟಕಿಗಳಲ್ಲಿ ತಲೆಗಳ ಒಂದು ಸಾಲು ಮೂಡಿತು. ನನಗೆ ಹೆಮ್ಮೆಯೇ ಆಯಿತು. ಪ್ರೇಕ್ಷಕರಿಲ್ಲದ ಕಲೆಗೆ ಬೆಲೆ ಎಲ್ಲಿ?

ಮರುದಿನ ಸಂಕ್ರಮಣ. ದೀಪ ಇಡಲು ದೈವಸ್ಥಾನದ ಬಾಗಿಲು ತೆರೆದರು. ಕತ್ತಿ ಇರಲಿಲ್ಲ.

ನಾನು ಶಾಲೆಗೆ ಹೊರಡುವ ಹೊತ್ತಿಗೆ ನಮ್ಮ ಗೇಟಿನ ಮುಂದೆ ಇಡೀ ಊರು ನಿಂತಿತ್ತು. ಮುಂದೆ ಊರಿನ ದೊಡ್ಡ ಮನೆಯಾದ ಗುತ್ತಿನ ಯಜಮಾನ ದೇಜಪ್ಪಣ್ಣ, ದೈವಸ್ಥಾನದ ಹಿರಿಯರು. ಅವರ ಹಿಂದೆ ಇಬ್ಬರು ಗಟ್ಟಿ ಆಳುಗಳ ನಡುವೆ ಮೋನಪ್ಪಣ್ಣ. ಹೊಲಿಗೆ ಮೆಶಿನಿನಿಂದ ಎಬ್ಬಿಸಿ ತಂದಿದ್ದರು. ಅಳತೆಯ ಟೇಪು ಕುತ್ತಿಗೆಯಲ್ಲೇ ಇತ್ತು. ಇನ್ನೂ ಮೂವರು ನೀರು ತೊಟ್ಟಿಕ್ಕುತ್ತ ನಿಂತಿದ್ದರು. ಬೆಳಿಗ್ಗೆಯಿಂದ ಕೆರೆಯಲ್ಲಿ ಮುಳುಗಿ ಹುಡುಕಿದವರು.

"ಮಾಷ್ಟ್ರೇ, ನೀವು ಕಲಿತವರು. ನಿಮ್ಮ ಮಾತಿಗೆ ಬೆಲೆ ಉಂಟು," ಎಂದರು ದೇಜಪ್ಪಣ್ಣ. "ಇವ ನಿನ್ನೆ ನಿಮ್ಮ ಎದುರು ಒಪ್ಪಿಕೊಂಡದ್ದು ಹೌದಾ?"

"ಅದು ಆಟ," ಎಂದೆ.

"ಎಂತ ಆಟ? ಇಸ್ಪೀಟಾ?"

"ಇಸ್ಪೀಟಲ್ಲ."

"ಚೆನ್ನೆಮಣೆಯಾ?"

"ಮಣೆಯೂ ಇಲ್ಲ."

"ಮತ್ತೆ ಅದರಲ್ಲಿ ಎಂತ ಉಂಟು?"

"ಮಾತು."

"ಹಾಗಾದರೆ ಇವ ಮಾತಾಡಿದ."

"ಮಾತಾಡಿದ. ಆದರೆ ದಾಳದಲ್ಲಿ ಹತ್ತೊಂಬತ್ತು ಬಿತ್ತು, ಅದಕ್ಕೆ..."

"ದಾಳದಲ್ಲಿಯೂ ಬಂದಿದೆಯಂತೆ," ಎಂದು ಹಿಂದಿನಿಂದ ಒಬ್ಬ ಕೂಗಿದ. ಕವಡೆ ಹಾಕಿ ಪ್ರಶ್ನೆ ಕೇಳುವ ಊರು ನಮ್ಮದು. ಇಪ್ಪತ್ತು ಮುಖದ ದಾಳವೇ ಸಾಕ್ಷಿ ಹೇಳಿದ ಮೇಲೆ ಬಾಕಿ ಏನುಳಿಯಿತು?

ದೇಜಪ್ಪಣ್ಣ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಅದೆಲ್ಲ ಬೇಡ ಮಾಷ್ಟ್ರೇ. ಇವ ಬಾಯಲ್ಲಿ ಹೇಳಿದ್ದಾ, ಇಲ್ವಾ? ಅಷ್ಟು ಹೇಳಿ."

ಮೋನಪ್ಪಣ್ಣ ನನ್ನನ್ನೇ ನೋಡುತ್ತಿದ್ದ. ಹಿಂದೆ ಒಬ್ಬನ ಕೈಯಲ್ಲಿ ತೆಂಗಿನ ನಾರಿನ ಹಗ್ಗ ಇತ್ತು. ನಾನು ಚರ್ಚಾಸ್ಪರ್ಧೆಯಲ್ಲಿ ಯಾವ ವಿಷಯಕ್ಕೂ ಎರಡೂ ಕಡೆಯಿಂದ ವಾದಿಸಿದವನು. ನನ್ನ ಬಾಯಿಂದ ಹೊರಬಂದದ್ದು ಒಂದೇ ಶಬ್ದ.

"ಹೇಳಿದ್ದಾನೆ."

ಮುಂದಿನ ವಾಕ್ಯ ಹೊರಗೆ ಬರಲೇ ಇಲ್ಲ. ಅದು 'ಆದರೆ' ಎಂದು ಆರಂಭವಾಗುವ ವಾಕ್ಯ. ಇವತ್ತಿಗೂ ಒಮ್ಮೊಮ್ಮೆ ಹಲ್ಲುಜ್ಜುವಾಗ ಆ ವಾಕ್ಯ ನಿರರ್ಗಳವಾಗಿ ಬರುತ್ತದೆ.

"ಸಾಕು," ಎಂದ ಹಗ್ಗದವನು. "ಬಿಸಾಡಿದವನೇ ತೆಗೆಯಲಿ. ಸೊಂಟಕ್ಕೆ ಕಟ್ಟಿ ಕೆರೆಗೆ ಇಳಿಸುವ."

"ನನಗೆ ಈಜು ಬರುವುದಿಲ್ಲ," ಎಂದ ಮೋನಪ್ಪಣ್ಣ. ಮೆಲ್ಲನೆ ಹೇಳಿದ. ಹಿಂದಿನ ದಿನದ ಕಂಠ ಎಲ್ಲಿಗೆ ಹೋಗಿತ್ತೋ.

ಗುಂಪು ಕೆರೆಯ ಕಡೆ ತಿರುಗಿತು. ಆಗ ಸುಗುಣ ಅಡುಗೆ ಕೋಣೆಯಿಂದ ಆಟದ ಡಬ್ಬಿ ಹಿಡಿದು ಬಂದು, ನನ್ನನ್ನು ಬಾಗಿಲ ಪರದೆಯಂತೆ ಪಕ್ಕಕ್ಕೆ ಸರಿಸಿದಳು.

"ದೇಜಪ್ಪಣ್ಣ, ಆಟ ಎಂತದ್ದು ಅಂತ ನೋಡದೆ ತೀರ್ಪು ಕೊಡ್ತೀರಾ? ಐದು ನಿಮಿಷ ಕೂತುಕೊಳ್ಳಿ. ಕೆರೆ ಎಲ್ಲಿಗೂ ಓಡುವುದಿಲ್ಲ."

ಹೆಂಗಸು ಕುರ್ಚಿ ಎಳೆದು ಕೊಟ್ಟ ಮೇಲೆ ಕೂರದಿದ್ದರೆ ಮರ್ಯಾದೆಯಲ್ಲ. ಅವರು ಕೂತರು.

"ನೀವೊಬ್ಬ ರಾಜನ ಮಂತ್ರಿ," ಎಂದಳು ಸುಗುಣ.

"ನಾನು ಯಾರ ಕೈಕೆಳಗೂ ಇರುವ ಜನ ಅಲ್ಲ."

"ರಾಜನಿಗಿಂತ ಬುದ್ಧಿವಂತ ಮಂತ್ರಿ."

"ಹಾಂ. ಕುದುರೆ ಉಂಟಾ?"

"ಉಂಟು. ಬಣ್ಣ ನೀವೇ ಹೇಳಿ."

"ಬಿಳಿ," ಎಂದರು ದೇಜಪ್ಪಣ್ಣ. ಸ್ವಲ್ಪ ಹೊತ್ತು ಯೋಚಿಸಿ, "ಹಣೆಯಲ್ಲಿ ಒಂದು ಕಪ್ಪು ಬೊಟ್ಟು ಇರಲಿ," ಎಂದು ಸೇರಿಸಿದರು.

ಹಗ್ಗದವನು ನೋಡಲು ಮೆಟ್ಟಲ ಹತ್ತಿರ ಬಂದ. ಮಂತ್ರಿ ಕುದುರೆ ಹತ್ತಿ ಎರಡು ಯುದ್ಧ ಗೆದ್ದರು. ಮೂರನೆಯ ಯುದ್ಧಕ್ಕೆ ಹೊರಡುವಾಗ ಶಾಲು ಹೆಗಲಿಂದ ಜಾರಿದ್ದೂ ಅವರಿಗೆ ಗೊತ್ತಾಗಲಿಲ್ಲ. ಆಗ ಸುಗುಣ ತಣ್ಣಗೆ ಹೇಳಿದಳು: "ರಾಜ ಸತ್ತುಬಿದ್ದಿದ್ದಾನೆ. ಹಾಲಿನಲ್ಲಿ ವಿಷ. ಪುರೋಹಿತ ನಿಮ್ಮನ್ನು ಕೇಳ್ತಾನೆ, ವಿಷ ಹಾಕಿದ್ದು ಯಾರು?" ದಾಳ ಹಾಕಿದಳು. "ಹದಿನೇಳು. ಸತ್ಯ ಹೇಳಲೇಬೇಕು."

ದೇಜಪ್ಪಣ್ಣ ಎದ್ದುನಿಂತರು. "ನಾನೇ ಹಾಕಿದ್ದು," ಎಂದು ತೊಡೆ ತಟ್ಟಿದರು. "ಅವನು ನನ್ನ ಕುದುರೆ ಕೇಳಿದ. ಕೊಡುವುದಾ ನಾನು?"



"ಯಜಮಾನ್ರೇ," ಎಂದಳು ಸುಗುಣ. "ಈಗ ಬಾಯಲ್ಲಿ ಹೇಳಿದ್ದಾ, ಇಲ್ವಾ? ಅಷ್ಟು ಹೇಳಿ."

ದೇಜಪ್ಪಣ್ಣ ಮೋನಪ್ಪಣ್ಣನನ್ನು ನೋಡಿದರು, ದಾಳ ನೋಡಿದರು, ಶಾಲು ಎತ್ತಿ ಹೆಗಲಿಗೆ ಹಾಕಿಕೊಂಡರು. "ಅವನನ್ನು ಬಿಡಿ ಮಾರಾಯ್ರೆ," ಎಂದರು.

ಮೂರು ಹತ್ತರ ಬಸ್ಸಿನಲ್ಲಿ ಅವರ ಅಳಿಯ ಬಂದಿಳಿದ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಕತ್ತಿ. ಹಿಡಿ ಸಡಿಲವಾಗಿದೆ, ಬಂಟ್ವಾಳದ ಅಕ್ಕಸಾಲಿಗನಿಂದ ಸರಿಮಾಡಿಸಿ ತಾ ಎಂದು ಕಳುಹಿಸಿದ್ದು ಸ್ವತಃ ಯಜಮಾನರೇ. ಹೇಳಿದ್ದು ಮರೆತುಹೋಗಿತ್ತಂತೆ.

ಊರು ಎರಡು ದಿನ ನಕ್ಕು ಸುಮ್ಮನಾಯಿತು. ದೇಜಪ್ಪಣ್ಣ ಮೋನಪ್ಪಣ್ಣನ ಅಂಗಡಿಗೆ ಹೋಗಿ ಅಂಗಿಯ ಅಳತೆ ಕೊಟ್ಟುಬಂದರು. ಅದು ಅವರ ಕ್ಷಮೆ. ನನಗೆ ಮಾತ್ರ ರಾತ್ರಿ ನಿದ್ದೆ ಬರುವುದೇ ನಿಂತುಹೋಯಿತು. ಕಣ್ಣು ಮುಚ್ಚಿದರೆ ಆ ಅಳತೆಯ ಟೇಪು, ಆ ಹಗ್ಗ. ಹಾಲು ಕುಡಿದೆ, ತಲೆಗೆ ಎಳ್ಳೆಣ್ಣೆ ಹಾಕಿದೆ, ದಿಂಬನ್ನು ಪೂರ್ವಕ್ಕೆ ತಿರುಗಿಸಿದೆ. "ಪುಸ್ತಕದಲ್ಲಿ ಮೊದಲೇ ಬರೆದಿತ್ತು," ಎಂದು ಸುಗುಣ ಮಗ್ಗುಲು ಬದಲಿಸಿ ಗೊರಕೆ ಹೊಡೆದಳು.

ಮೋನಪ್ಪಣ್ಣ ನನ್ನೊಂದಿಗೆ ಜಗಳವಾಡಲಿಲ್ಲ. "ಹೋಯ್ ಮಾಷ್ಟ್ರೇ," ಎಂದು ಮೊದಲಿನಂತೆಯೇ ಮಾತಾಡಿಸುತ್ತಿದ್ದ. ನಮ್ಮ ಜಗಲಿ ಹತ್ತುತ್ತಿರಲಿಲ್ಲ, ಅಷ್ಟೆ. ನಾಟಕಗಳಿಗೆ ಮತ್ತೆ ಬಾಯಿಮುಚ್ಚಿ ಅಂಗಿ ಹೊಲಿಯತೊಡಗಿದ. ಹಲವು ಸಲ ಅವನ ಅಂಗಡಿಯವರೆಗೆ ಹೋಗಿ, ಹೇಳಬೇಕಾದ್ದನ್ನು ಹೇಳಲಾಗದೆ, ಬೇಡದ ಪೈಜಾಮ ಹೊಲಿಯಲು ಕೊಟ್ಟುಬಂದೆ. ಆ ವರ್ಷ ನನ್ನಲ್ಲಿ ಇದ್ದಷ್ಟು ಪೈಜಾಮ ತಾಲೂಕಿನಲ್ಲಿ ಯಾರಲ್ಲೂ ಇರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅವನಾಗಿಯೇ ಬಂದು ಮೆಟ್ಟಲಲ್ಲಿ ನಿಂತ.

"ಆ ಡಬ್ಬಿ ಉಂಟಾ ಮಾಷ್ಟ್ರೇ?"

"ಉಂಟು."

"ನಾನು ಪುರೋಹಿತ ಆಗ್ತೇನೆ. ನೀವು ಪಾಷಂಡಿ."

ಕೂತೆವು. ಅವನು ಕಾಡು ಕೋಟೆ ಎಲ್ಲ ಬಿಟ್ಟು ನೇರ ವಿಷಯಕ್ಕೆ ಬಂದ. "ಎಲವೋ ಪಾಷಂಡಿ, ಆ ದಿನ ಗೇಟಿನ ಹತ್ತಿರ 'ಹೇಳಿದ್ದಾನೆ' ಅಂತ ಹೇಳಿ ಅಲ್ಲಿಗೇ ನಿಲ್ಲಿಸಿದ್ದು ಯಾಕೆ?"

ದಾಳ ಹಾಕಿದ. ಅದು ಉರುಳಿ ಕುರ್ಚಿಯ ಅಡಿಗೆ ಹೋಯಿತು. ಸುಗುಣ ಬಗ್ಗಿ ಹುಡುಕುವಷ್ಟರಲ್ಲಿ ನಾನು ಹೇಳಿಬಿಟ್ಟೆ.

"ಹೆದರಿಕೆ ಆಯ್ತು ಮೋನಪ್ಪಣ್ಣ. ನನ್ನನ್ನೂ ಆ ಹಗ್ಗದಲ್ಲಿ ಕಟ್ತಾರೆ ಅಂತ."

"ಎರಡು ಬಿದ್ದದ್ದು," ಎಂದಳು ಸುಗುಣ ಕುರ್ಚಿಯ ಅಡಿಯಿಂದ. "ನೀವು ಹೇಳಬೇಕು ಅಂತ ಇರಲಿಲ್ಲ."

"ಡೈಲಾಗ್ ಒಳ್ಳೆದುಂಟು," ಎಂದ ಮೋನಪ್ಪಣ್ಣ. "ಧ್ವನಿ ಸಾಲದು. ಎದ್ದುನಿಂತು ಹೇಳಿ."

ಎದ್ದುನಿಂತೆ. ನನ್ನ ಸರ್ವಶಕ್ತಿಯನ್ನೂ ಒಗ್ಗೂಡಿಸಿ, "ನಾನು ಹೆದರುಪುಕ್ಕಲ!" ಎಂದು ಕೂಗಿದೆ. ಎದುರು ಮೂರು ಹತ್ತರ ಬಸ್ಸು ನಿಂತಿತ್ತು. ಡ್ರೈವರ್ ಚಹಾಕ್ಕೆ ಇಳಿದಿದ್ದ. ಎಂಜಿನ್ ಬಂದ್ ಆಗಿತ್ತು. ಕಿಟಕಿಗಳಲ್ಲಿ ತಲೆಗಳ ಸಾಲು ಮೂಡಿತು, ನೋಡಿತು, ಮತ್ತೆ ಒಳಗೆ ಹೋಯಿತು.

ಮರುದಿನ ನನ್ನನ್ನು ಹಿಡಿಯಲು ಯಾರೂ ಬರಲಿಲ್ಲ. ಊರಿಗೆ ಅದು ಹೊಸ ಸುದ್ದಿಯೇ ಆಗಿರಲಿಲ್ಲ. ಬಂದಿದ್ದರೂ ಪ್ರಯೋಜನ ಇರಲಿಲ್ಲ. ಬೆಳಿಗ್ಗೆ ಎಂಟಾದರೂ ನಾನು ನಿದ್ದೆಯಿಂದ ಎದ್ದಿರಲಿಲ್ಲ.